ಬಸವಣ್ಣ ನಿಂತಲ್ಲಿಂದ ಕೋಲ್‌ಸ್ಟನ್ ಮಲಗಿದಲ್ಲಿಗೆ

ದಿನ 1: ಲಂಡನ್, ಒದ್ದೆ ಕಾಲುಚೀಲ

ಅಕ್ಕನ ಮಗಳು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಕೆಲಸದಲ್ಲಿದ್ದಾಳೆ. "ಮಾಮಾ, ರಿಟೈರ್ ಆಗಿ ಎರಡು ವರ್ಷ ಆಯ್ತು. ಇನ್ನು ಮಂಡಿನೋವು ಬಂದ ಮೇಲೆ ಬರ್ತೀರಾ?" ಅಂತ ಜಗಳ ತೆಗೆದಳು. ಹಾಗಾಗಿ ನಾನೂ ನನ್ನ ಹೆಂಡತಿಯೂ ಸೆಪ್ಟೆಂಬರ್ ಕೊನೆಗೆ ಹೊರಟೆವು. ವೀಸಾ, ಟಿಕೆಟ್ಟಿನ ಪುರಾಣ ಬೇಡ, ಎಲ್ಲರಿಗೂ ಗೊತ್ತಿರೋದೇ.

ಮೊದಲ ಭಾನುವಾರ ಲಂಡನ್. "ಮೊದಲು ಎಲ್ಲಿಗೆ? ಬಿಗ್ ಬೆನ್ನಾ, ದೊಡ್ಡ ಚಕ್ರಾನಾ?" ಅಂದಳು. "ಬಸವಣ್ಣ" ಅಂದೆ. ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಳಿದು ಸೇತುವೆ ದಾಟಿ ನದಿ ಪಕ್ಕದ ಕಾಲುದಾರಿ ಹಿಡಿದೆವು. ಆಸ್ಪತ್ರೆಯ ಎದುರಿನ ಉದ್ದ ಗೋಡೆ ತುಂಬ ಕೆಂಪು ಹೃದಯಗಳು. ಕೋವಿಡ್‌ನಲ್ಲಿ ಹೋದವರಿಗಾಗಿ ಜನರೇ ಬರೆದದ್ದು. ಕೆಲವು ಹೆಸರುಗಳು ಮಳೆಗೆ ಮಾಸಿವೆ. ಲ್ಯಾಂಬೆತ್ ಸೇತುವೆ ಹತ್ತದೆ ಅದೇ ದಂಡೆಯಲ್ಲಿ ಸ್ವಲ್ಪ ಮುಂದೆ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. ಅಲ್ಲೊಂದು ಪುಟ್ಟ ತೋಟ. ಥೇಮ್ಸ್ ಪಕ್ಕದಲ್ಲೇ ಎತ್ತರದ ಪೀಠದ ಮೇಲೆ ನಮ್ಮ ಬಸವಣ್ಣ. ತಲೆಯಿಂದ ಎದೆಯ ತನಕದ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಇದಕ್ಕಾಗಿ ಓಡಾಡಿದವರು ಕಲಬುರಗಿಯಿಂದ ಹೋಗಿ ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲರು.

ನಾನು ಶೂ ಬಿಚ್ಚಿ ಹುಲ್ಲಿನ ಮೇಲೆ ನಿಂತು ಕೈ ಮುಗಿದೆ. ಹಿಂದಿನ ರಾತ್ರಿ ಮಳೆ ಬಂದಿತ್ತು ಅನ್ನೋದು ಕಾಲುಚೀಲ ಚೊಚ್ಚ ಅಂದಾಗಲೇ ಗೊತ್ತಾದದ್ದು. ಓಡುತ್ತಾ ಬಂದ ಒಬ್ಬ ಹುಡುಗ ನನ್ನ ಕಾಲು ನೋಡಿ ನಕ್ಕು ಹೋದ. ಗಂಟಲು ಮಾತ್ರ ಕಟ್ಟಿತ್ತು. ಯಾಕೆ ಅಂತ ಕೇಳಿದರೆ ಹೇಳೋಕೆ ಬರಲ್ಲ.

"ಏನ್ರೀ, ಬೆಂಗಳೂರಲ್ಲಿ ಬಸವೇಶ್ವರ ಸರ್ಕಲ್ ದಾಟ್ಕೊಂಡೇ ಮೂವತ್ತು ವರ್ಷ ಆಫೀಸಿಗೆ ಹೋದ್ರಿ. ಕುದುರೆ ಮೇಲಿರೋ ಬಸವಣ್ಣನ್ನ ಒಂದಿನಾನೂ ತಲೆ ಎತ್ತಿ ನೋಡಿಲ್ಲ. ಇಲ್ಲಿ ಬಂದು ಅಳ್ತೀರಲ್ಲ" ಅಂದಳು ನನ್ನ ಹೆಂಡತಿ. ಉತ್ತರ ಇರಲಿಲ್ಲ. ಸ್ಥಾವರ ಬೇಡ ಅಂದವರನ್ನೇ ಸ್ಥಾವರ ಮಾಡಿದ್ದೇವಲ್ಲ ಅನ್ನೋದು ಆಮೇಲೆ ಹೊಳೆಯಿತು. ಆಗ ಕಾಲು ಕೊರೆಯುತ್ತಿತ್ತು.

ವಾಪಸ್ ಪಾರ್ಲಿಮೆಂಟ್ ಚೌಕಕ್ಕೆ. ಅಲ್ಲಿ ಗಾಂಧಿ ಇದ್ದಾರೆ, ಮಂಡೇಲಾ ಇದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ಗಾಂಧಿಯನ್ನು ಜೈಲಿಗೆ ಹಾಕಿಸಿದ ಸ್ಮಟ್ಸ್ ಕೂಡ ಅದೇ ಚೌಕದಲ್ಲಿ ಇದ್ದಾನೆ. ಸಾಲಿನಲ್ಲಿ ಚರ್ಚಿಲ್. 2020ರ ಜೂನ್ 7ರಂದು ಯಾರೋ ಆ ಪೀಠದ ಮೇಲೆ ಬಣ್ಣದಲ್ಲಿ 'ಜನಾಂಗವಾದಿ' ಅಂತ ಬರೆದರು. ಆಮೇಲೆ ಕೆಲವು ದಿನ ಪ್ರತಿಮೆಯನ್ನೇ ಹಲಗೆ ಹೊಡೆದು ಮುಚ್ಚಿಟ್ಟಿದ್ದರು. ಬಣ್ಣ ಬಳಿದ ದಿನವೇ ಬ್ರಿಸ್ಟಲ್‌ನಲ್ಲಿ ಗುಲಾಮರ ವ್ಯಾಪಾರ ಮಾಡಿದ ಕೋಲ್‌ಸ್ಟನ್‌ನ ಪ್ರತಿಮೆ ಬಿದ್ದದ್ದು. ನಾವು ಹೊರಟದ್ದೇ ಅವನನ್ನು ನೋಡೋಕೆ.

ಗಾಂಧಿ ಹತ್ತಿರ ಫೋಟೋ ತೆಗೆಯುವಾಗ ಅಕ್ಕನ ಮಗಳು ಸುಮ್ನೆ ಒಂದು ಮಾತು ಬಿಟ್ಟಳು. "ಮಾಮಾ, ಘಾನಾದ ಯೂನಿವರ್ಸಿಟೀಲಿ ಇವ್ರ ಪ್ರತಿಮೆ ತೆಗೆದ್ರು ಗೊತ್ತಾ?" 2016ರಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅನಾವರಣ ಮಾಡಿದ್ದು. 2018ರ ಡಿಸೆಂಬರ್‌ನಲ್ಲಿ ಇಳಿಸಿದರು. ಗಾಂಧಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ, ಚಿಕ್ಕ ವಯಸ್ಸಿನಲ್ಲಿ, ಅಲ್ಲಿನ ಕರಿಯರ ಬಗ್ಗೆ ಕೀಳಾಗಿ ಬರೆದದ್ದನ್ನು ಅಲ್ಲಿನ ಅಧ್ಯಾಪಕರು, ವಿದ್ಯಾರ್ಥಿಗಳು ಮುಂದಿಟ್ಟಿದ್ದರು. ನನಗೆ ಸಿಟ್ಟು ಬಂತು. ಆಮೇಲೆ ಗಾಂಧಿ ಎಷ್ಟು ಬದಲಾದರು ಅಂತ ವಾದಕ್ಕೆ ಇಳಿದೆ. ವಾದ ಸರಿಯೇ ಇತ್ತು. ಆದರೆ ಚರ್ಚಿಲ್ ಮುಂದೆ ನಿಂತಾಗ ನಾನು ಇಷ್ಟು ವಿವರಕ್ಕೆ ಇಳಿದಿರಲಿಲ್ಲ, ಅಲ್ವಾ?

ಹೊರಡುವ ಮೊದಲು ಇನ್ನೊಂದು ಕುದುರೆ. ಪಾರ್ಲಿಮೆಂಟಿನ ಹೊರಗೆ ಕತ್ತಿ ಎತ್ತಿ ಕೂತ ಒಂದನೇ ರಿಚರ್ಡ್. ಮಾಡಿದವನು ಮರೊಚೆಟ್ಟಿ. ನಮ್ಮ ಅಠಾರಾ ಕಚೇರಿ ಮುಂದೆ ಕುದುರೆ ಮೇಲೆ ಕೂತಿದ್ದ ಮಾರ್ಕ್ ಕಬ್ಬನ್ ಕೂಡ ಅವನದೇ ಕೈಕೆಲಸ. 2020ರಲ್ಲೇ ಕಬ್ಬನ್ ಸಾಹೇಬರನ್ನೂ ಅಲ್ಲಿಂದ ಎತ್ತಿ ಪಾರ್ಕಿನೊಳಗೆ ಇಟ್ಟರು. ನಮ್ಮ ಬೀದಿಯಲ್ಲಿ ಯಾರೂ ಅದರ ಬಗ್ಗೆ ಮಾತಾಡಿದ್ದು ನನಗೆ ನೆನಪಿಲ್ಲ.

ದಿನ 2: ಬ್ರಿಸ್ಟಲ್, ಬಾಗಿಲು ಮುಚ್ಚಿದ ಸೋಮವಾರ

ರೆಡಿಂಗ್‌ನಿಂದ ಬ್ರಿಸ್ಟಲ್‌ಗೆ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಮೊದಲೇ ಬುಕ್ ಮಾಡಿ, ಆಫೀಸಿನ ಹೊತ್ತು ಕಳೆದ ಮೇಲೆ ಹೊರಟರೆ ಟಿಕೆಟ್ಟು ಎಷ್ಟೋ ಅಗ್ಗ. ನಾವಿಬ್ಬರೇ. ಬ್ಯಾಗಿನಲ್ಲಿ ಚಪಾತಿ, ಚಟ್ನಿಪುಡಿ, ಮೊಸರು.

ನಿಲ್ದಾಣದಿಂದ ಸಿಟಿ ಬಸ್ ಹತ್ತಿದೆವು. ಡ್ರೈವರ್ ಒಬ್ಬ ದಪ್ಪನೆಯ ಹೆಂಗಸು. ನನ್ನ ಮುಖ ನೋಡಿ "ಆಲ್‌ರೈಟ್, ಮೈ ಲವರ್?" ಅಂದಳು. ನನ್ನ ಹೆಂಡತಿ ತಿರುಗಿ ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಆಮೇಲೆ ಗೊತ್ತಾಯಿತು, ಅದು ಆ ಸೀಮೆಯ ಮಾತು. ನಮ್ಮಲ್ಲಿ 'ಏನಪ್ಪಾ' ಅಂದ ಹಾಗೆ. ಇಳಿಯುವಾಗ ಒಬ್ಬರೂ ಬಿಡದೆ "ಚಿಯರ್ಸ್ ಡ್ರೈವ್" ಅನ್ನುತ್ತಾರೆ. ನಾವೂ ಅಂದೆವು.

ಎಂ ಶೆಡ್ ಅನ್ನೋ ಮ್ಯೂಸಿಯಂನಲ್ಲಿ ಕೋಲ್‌ಸ್ಟನ್ ಇರೋದು. ಹಡಗುಕಟ್ಟೆಯ ಮೇಲೆ, ಹಳೆಯ ದೊಡ್ಡ ಕ್ರೇನುಗಳ ಹಿಂದೆ. ಹೋಗಿ ಬಾಗಿಲು ತಳ್ಳಿದೆ. ಅಲುಗಲಿಲ್ಲ. ಸೋಮವಾರ ರಜೆ. "ನೋಡ್ಕೊಂಡು ಹೋಗಿ ಮಾಮಾ" ಅಂತ ಅವಳು ಎರಡು ಸಲ ಹೇಳಿದ್ದಳು. ಮಂಗಳವಾರದಿಂದ ಭಾನುವಾರದ ತನಕ ತೆರೆದಿರುತ್ತೆ, ಒಳಗೆ ಹೋಗೋಕೆ ದುಡ್ಡಿಲ್ಲ. ಇಷ್ಟನ್ನು ನಾನು ಬಾಗಿಲಲ್ಲಿ ನಿಂತು ಓದಿಕೊಂಡೆ, ನೀವು ಇಲ್ಲೇ ಓದಿಕೊಳ್ಳಿ.

ಸರಿ, ಬಿದ್ದವನು ಸಿಗದಿದ್ದರೆ ಅವನು ನಿಂತಿದ್ದ ಜಾಗವನ್ನಾದರೂ ನೋಡೋಣ ಅಂತ ಹೊರಟೆವು. ದಾರಿಯಲ್ಲಿ ಪೆರೋ ಸೇತುವೆ. ಎರಡು ದೊಡ್ಡ ಕೊಂಬುಗಳಿರೋ ನಡೆಸೇತುವೆ, 1999ರದ್ದು. ಪೆರೋ ಅಂದರೆ ನೆವಿಸ್ ದ್ವೀಪದಿಂದ ಜಾನ್ ಪಿನ್ನಿ ಅನ್ನೋ ಸಕ್ಕರೆ ತೋಟದ ಸಾಹುಕಾರ ಇಲ್ಲಿಗೆ ಕರೆತಂದ ಗುಲಾಮ. ಸೇತುವೆ ಮಧ್ಯದಲ್ಲಿ ಗಾಳಿ ಎಲ್ಲಿತ್ತೋ, ಒಂದೇ ಏಟಿಗೆ ಕೊಡೆ ತಿರುಗಿಬಿತ್ತು. ಕಡ್ಡಿ ಮುರಿಯಿತು. ಇಂಗ್ಲೆಂಡಿಗೆ ಕೊಡೆ ತರಬೇಡಿ, ಟೋಪಿ ಇರೋ ಮಳೆಕೋಟು ತನ್ನಿ.

ಕೋಲ್‌ಸ್ಟನ್‌ನನ್ನು ನೀರಿಗೆ ಉರುಳಿಸಿದ್ದು ಈ ಸೇತುವೆ ಹತ್ತಿರವೇ. ಒಬ್ಬ ಗುಲಾಮನ ಹೆಸರಿನ ಸೇತುವೆಯ ಬಳಿ, ಗುಲಾಮರನ್ನು ಸಾಗಿಸಿದ ಕಂಪನಿಯವನು. ಬೇಕೂ ಅಂತ ಆರಿಸಿದರೋ, ಇಳಿಜಾರು ಇತ್ತು ಅಂತ ಉರುಳಿಸಿದರೋ!

ಪೀಠ ಊರ ನಟ್ಟನಡುವೆ ಇದೆ. ಎತ್ತರದ ಕಲ್ಲು, ನಾಲ್ಕು ಮೂಲೆಯಲ್ಲಿ ಕಂಚಿನ ಡಾಲ್ಫಿನ್ ಮೀನು, ಮೇಲೆ ಖಾಲಿ. ಕೋಲ್‌ಸ್ಟನ್‌ನ ಹಡಗಿಗೆ ತೂತು ಬಿದ್ದಾಗ ಡಾಲ್ಫಿನ್ ಒಂದು ಬಂದು ತೂತು ಮುಚ್ಚಿತು ಅಂತ ಒಂದು ಕಥೆ. ಹಡಗಿನೊಳಗೆ ಇದ್ದವರ ಕಥೆ ಮಾತ್ರ ಪೀಠದ ಮೇಲೆ ಇರಲಿಲ್ಲ. ಅವನು ಹುಟ್ಟಿದ್ದು 1636, ಸತ್ತದ್ದು 1721. 1680ರಲ್ಲಿ ರಾಯಲ್ ಆಫ್ರಿಕನ್ ಕಂಪನಿ ಸೇರಿದ, ಅದರ ಉಪಮುಖ್ಯಸ್ಥನೂ ಆದ. ಅವನು ಅಲ್ಲಿದ್ದ ಹನ್ನೆರಡು ವರ್ಷದಲ್ಲಿ ಕಂಪನಿ ಸುಮಾರು 84,000 ಆಫ್ರಿಕನ್ನರನ್ನು ಸಾಗಿಸಿತು, ಸುಮಾರು 19,000 ಮಂದಿ ದಾರಿಯಲ್ಲೇ ಸತ್ತರು ಅಂತ ಅಂದಾಜು. ಆ ದುಡ್ಡಿನಲ್ಲಿ ಊರಿಗೆ ಶಾಲೆ, ಬಡವರಿಗೆ ಆಶ್ರಯಮನೆ, ಚರ್ಚು. ಸತ್ತು 174 ವರ್ಷ ಆದ ಮೇಲೆ, 1895ರಲ್ಲಿ, ಪ್ರತಿಮೆ. 'ಊರಿನ ಅತ್ಯಂತ ಸದ್ಗುಣಿ, ವಿವೇಕಿ ಮಕ್ಕಳಲ್ಲಿ ಒಬ್ಬ' ಅಂತ ಬರಹ.

ಅದನ್ನು ಯಾರೂ ಪ್ರಶ್ನಿಸಿರಲಿಲ್ಲ ಅಂತಲ್ಲ. ವರ್ಷಗಟ್ಟಲೆ ಅರ್ಜಿ, ಮೆರವಣಿಗೆ ನಡೆದವು. 2018ರಲ್ಲಿ, ಹೋಗಲಿ, ನಿಜ ಹೇಳುವ ಒಂದು ಫಲಕ ಹಾಕೋಣ ಅಂತ ಹೊರಟರು. ಯಾವ ಪದ ಇರಬೇಕು, ಯಾವುದು ಬೇಡ ಅಂತ ಜಗಳ. ಫಲಕ ಮೇಲೇರಲೇ ಇಲ್ಲ. ಇದು ನಮಗೆ ಹೊಸದಲ್ಲ ಬಿಡಿ. ಎರಡು ವರ್ಷದ ಮೇಲೆ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನೋ ಕರಿಯ ಪೊಲೀಸರ ಕೈಯಲ್ಲಿ ಸತ್ತಾಗ ಇಲ್ಲಿ ಸುಮಾರು ಹತ್ತು ಸಾವಿರ ಜನ ಬೀದಿಗೆ ಬಂದರು. ಯಾರೋ ಹಗ್ಗ ತಂದಿದ್ದರು.

ಒಂದು ಗುಟ್ಟು ಹೇಳಿಬಿಡುತ್ತೇನೆ. ಪ್ರತಿಮೆ ಎಳೆದು ಬೀಳಿಸಿದ ವಿಡಿಯೋ ಬಂದಾಗ ನಮ್ಮ ನಿವೃತ್ತರ ವಾಟ್ಸಾಪ್ ಗುಂಪಿನಲ್ಲಿ 'ಇತಿಹಾಸವನ್ನು ಅಳಿಸಲಾಗದು' ಅಂತ ಕೈ ಮುಗಿದ ಚಿತ್ರದ ಜೊತೆ ಕಳಿಸಿದವನು ನಾನೇ. ಆ ಇತಿಹಾಸದಲ್ಲಿ ಆಗ ನನಗೆ ಗೊತ್ತಿದ್ದದ್ದು ಸೊನ್ನೆ. ಮೇಲೆ ಬರೆದದ್ದೆಲ್ಲ ಅವನು ಬಿದ್ದ ಮೇಲೆ ಓದಿದ್ದು.

ಮಳೆ ಜೋರಾಯಿತು. ಓಡಿಹೋಗಿ ಬಸ್ ನಿಲ್ದಾಣ ಸೇರಿದೆವು. ಬೆಂಚಿನ ಮೇಲೆ ಕೂತು ಚಪಾತಿ ಬಿಚ್ಚಿದಾಗ ಅಲ್ಲೇ ಒಂದು ಫಲಕ ಕಂಡಿತು. 1963ರ ಬಸ್ ಬಹಿಷ್ಕಾರದ ನೆನಪಿಗೆ ಹಾಕಿದ್ದು. ಆಗ ಈ ಊರಿನ ಬಸ್ ಕಂಪನಿ ಕರಿಯರನ್ನೂ ಏಷ್ಯಾದವರನ್ನೂ ಡ್ರೈವರ್, ಕಂಡಕ್ಟರ್ ಕೆಲಸಕ್ಕೆ ತಗೊಳ್ಳುತ್ತಿರಲಿಲ್ಲ. ಗೈ ಬೈಲಿ ಅನ್ನೋ ಹದಿನೆಂಟರ ಹುಡುಗ ಸಂದರ್ಶನಕ್ಕೆ ಹೋದ. ಮುಖ ನೋಡಿದ ಮೇಲೆ ಕೆಲಸ ಇಲ್ಲ ಅಂದರು. ಪಾಲ್ ಸ್ಟೀಫನ್‌ಸನ್, ರಾಯ್ ಹ್ಯಾಕೆಟ್ ಮುಂತಾದವರು ಬಸ್ ಹತ್ತಬೇಡಿ ಅಂತ ಕರೆ ಕೊಟ್ಟರು. ನಾಲ್ಕು ತಿಂಗಳು ಹೋರಾಟ. ಆಗಸ್ಟ್ 28ಕ್ಕೆ ಕಂಪನಿ ಬಗ್ಗಿತು. ಸೆಪ್ಟೆಂಬರ್‌ನಲ್ಲಿ ಬಿಳಿಯನಲ್ಲದ ಮೊದಲ ಕಂಡಕ್ಟರ್ ಆದವನು ಯಾರು ಗೊತ್ತಾ? ರಘಬೀರ್ ಸಿಂಗ್. ನಮ್ಮ ಕಡೆಯ ಸರ್ದಾರ್ಜಿ! ಎರಡು ವರ್ಷದ ಮೇಲೆ, 1965ರಲ್ಲಿ, ದೇಶದ ಮೊದಲ ಜನಾಂಗ ಸಂಬಂಧ ಕಾಯ್ದೆ ಬಂತು.

ಬೆಳಗಿನ ಆ ಡ್ರೈವರಮ್ಮನೂ ಕರಿಯ ಹೆಂಗಸೇ. "ಆ ಪ್ರತಿಮೆಗಿಂತ ಇದೇ ದೊಡ್ಡ ಕೆಲಸ ಅನ್ಸುತ್ತೆ" ಅಂದಳು ನನ್ನ ಹೆಂಡತಿ, ಚಟ್ನಿಪುಡಿ ಬೆರಳು ಒರೆಸಿಕೊಳ್ಳುತ್ತಾ.

ದಿನ 3: ಮಲಗಿದವನು

ಹತ್ತಕ್ಕೆ ಬಾಗಿಲು ತೆರೆಯುವ ಮೊದಲೇ ಎಂ ಶೆಡ್ ಮುಂದೆ ನಿಂತಿದ್ದೆವು. ಪ್ರತಿಭಟನೆಗಳ ಬಗ್ಗೆ ಇರುವ ಭಾಗದಲ್ಲಿ ಅವನಿದ್ದಾನೆ. ಅಂಗಾತ ಮಲಗಿಸಿದ್ದಾರೆ. ಎಂಟೂವರೆ ಅಡಿ ಕಂಚಿನ ಮನುಷ್ಯ. ನಿಂತಿದ್ದಾಗ ಗಲ್ಲಕ್ಕೆ ಕೈ ಕೊಟ್ಟು ಏನೋ ಯೋಚಿಸುವ ಭಂಗಿ. ಮಲಗಿದಾಗ ಅದೇ ಕೈ ಹಲ್ಲುನೋವು ಬಂದವರ ಹಾಗೆ ಕಾಣುತ್ತೆ. ಮೈ ಮೇಲೆ ಚೆಲ್ಲಿದ ಕೆಂಪು, ನೀಲಿ ಬಣ್ಣ ಹಾಗೇ ಇದೆ. ಕೋಟಿನ ತುದಿ ಮುರಿದಿದೆ, ಕೈಯಲ್ಲಿದ್ದ ಕೋಲು ಇಲ್ಲ. ನೀರಿನಿಂದ ಎತ್ತಿದ ಮೇಲೆ ಕೆಸರು ತೊಳೆದರು. ಬಣ್ಣ ಅಳಿಸದ ಹಾಗೆ ನೋಡಿಕೊಂಡರು. ತೊಳೆಯುವಾಗ ಒಳಗಿಂದ ಒಂದು ಸೈಕಲ್ ಟೈರೂ 1895ರ ಒಂದು ವಾರಪತ್ರಿಕೆಯೂ ಸಿಕ್ಕವಂತೆ. ಪತ್ರಿಕೆಯ ಮೇಲೆ ಪ್ರತಿಮೆ ನಿಲ್ಲಿಸಿದ ಕೆಲಸಗಾರರ ಹೆಸರು. ಪೀಠದ ಮೇಲೆ ಅವರ ಹೆಸರು ಹಾಕೋರು ಯಾರು, ಪಾಪ, ಒಳಗೆ ತುರುಕಿಟ್ಟು ಹೋಗಿದ್ದರು.

ಒಂದು ಶಾಲೆಯ ಮಕ್ಕಳು ಬಂದರು. ಎಂಟು ಒಂಬತ್ತು ವರ್ಷದವರು. ಒಬ್ಬ ಹುಡುಗ ಗಾಜಿಗೆ ಮೂಗು ಒತ್ತಿ "ಮಿಸ್, ಇವನು ಯಾಕೆ ಮಲಗಿದ್ದಾನೆ?" ಅಂದ. ಟೀಚರ್ ಅಲ್ಲೇ ನೆಲದ ಮೇಲೆ ಕೂರಿಸಿ ಹೇಳತೊಡಗಿದರು. ಹಡಗು, ಸರಪಳಿ, ಸಕ್ಕರೆ, ಹಗ್ಗ. ಇಪ್ಪತ್ತು ನಿಮಿಷ. ನಾವೂ ಹಿಂದೆ ನಿಂತು ಕೇಳಿದೆವು.

ಮ್ಯೂಸಿಯಂ ಸುಮ್ನೆ ತನ್ನ ಪಾಡಿಗೆ ಹೀಗೆ ಇಟ್ಟದ್ದಲ್ಲ. ಊರಿನವರನ್ನು ಕೇಳಿದ್ದರು. ಸುಮಾರು 14,000 ಜನ ಉತ್ತರ ಕೊಟ್ಟರು. ಊರಿನವರಲ್ಲಿ ಐವರಿಗೆ ನಾಲ್ವರು ಮ್ಯೂಸಿಯಂನಲ್ಲಿಡಿ ಅಂದರು. ಬೀಳಿಸಿದ ನಾಲ್ವರ ಮೇಲೆ ಕೇಸು ನಡೆಯಿತು. 2022ರ ಜನವರಿಯಲ್ಲಿ ಜ್ಯೂರಿ ಅವರನ್ನು ಬಿಟ್ಟಿತು. ಗುಂಪು ಸೇರಿ ಹಗ್ಗ ಕಟ್ಟಿ ಎಳೆಯೋದು ನನಗೆ ಈಗಲೂ ಇಷ್ಟವಾಗಲ್ಲ. ಇವತ್ತು ಅವನು, ನಾಳೆ ಯಾರೋ. ನಮ್ಮ ಕಡೆ ಅಂಬೇಡ್ಕರ್ ಪ್ರತಿಮೆಗಳಿಗೆ ಯಾಕೆ ಕಬ್ಬಿಣದ ಪಂಜರ ಕಟ್ಟುತ್ತಾರೆ ಅಂತ ಗೊತ್ತಿರೋರಿಗೆ ಈ ಅಳುಕು ಅರ್ಥವಾಗುತ್ತೆ. ಆದರೆ ಆ ಫಲಕದ ಜಗಳ ನೆನಪಾದರೆ, ಕಾಯಿರಿ ಅಂತ ಅವರಿಗೆ ಹೇಳೋಕೂ ನಾಲಿಗೆ ಬರಲ್ಲ.

ಊಟಕ್ಕೆ ಸೇಂಟ್ ಪಾಲ್ಸ್ ಬಡಾವಣೆಗೆ ಹೋದೆವು. ಕೆರಿಬಿಯನ್ ಕಡೆಯಿಂದ ಬಂದವರು ನೆಲೆಸಿದ ಜಾಗ. ಮನೆಗಳ ಗೋಡೆ ಮೇಲೆ ಇಲ್ಲಿನ ಹಿರಿಯರ ದೊಡ್ಡ ದೊಡ್ಡ ಚಿತ್ರಗಳು. ರಾಯ್ ಹ್ಯಾಕೆಟ್ ಕೂಡ ಇದ್ದಾರೆ. ಪುಟ್ಟ ಹೋಟೆಲಿನಲ್ಲಿ ಮಾಂಸ ಇಲ್ಲದ್ದು ಏನಿದೆ ಅಂದರೆ ಕಾಯಿಹಾಲಲ್ಲಿ ಬೇಯಿಸಿದ ರಾಜ್ಮಾ ಅನ್ನ, ಕಡಲೆ ಸಾರು, ಕರಿದ ಬಾಳೆಹಣ್ಣು ಕೊಟ್ಟರು. ನಮ್ಮ ಕರಾವಳಿಯ ಅಡಿಗೆಮನೆಯಿಂದ ತಂದ ಹಾಗಿತ್ತು. ಪಕ್ಕದಲ್ಲಿ ಹಳದಿ ಖಾರದ ಸೀಸೆ. "ಹುಷಾರು" ಅಂದರು ಪಕ್ಕದ ಮೇಜಿನ ಅಜ್ಜಿ. ನಾವು ಬ್ಯಾಡಗಿ ಊರಿನವರು ಅಂತ ನಾನು ಒಂದು ಚಮಚ ಸುರಿದುಕೊಂಡೆ. ಬ್ಯಾಡಗಿ ಬಣ್ಣಕ್ಕೆ, ಖಾರಕ್ಕಲ್ಲ ಅನ್ನೋದು ಆಗ ನೆನಪಿಗೆ ಬಂತು. ಕಿವಿಯಲ್ಲಿ ಹೊಗೆ. ಅಜ್ಜಿ ನಗುತ್ತಾ ಮೇಜಿಗೇ ಬಂದು ಕೂತರು.

ಜಮೈಕಾದಿಂದ ಒಂಬತ್ತು ವರ್ಷದವರಿದ್ದಾಗ ಬಂದವರಂತೆ. ಬಸ್ ಬಹಿಷ್ಕಾರದ ಆ ಬೇಸಿಗೆಯಲ್ಲಿ ಅವರಪ್ಪ ದಿನಾ ಕೆಲಸಕ್ಕೆ ನಡೆದೇ ಹೋಗುತ್ತಿದ್ದರಂತೆ. "ಶಾಲೇಲಿ ಕೋಲ್‌ಸ್ಟನ್ ದಿನ ಅಂತ ಮಾಡ್ತಿದ್ರು. ಅವನ ಹೆಸರಿನ ಬನ್ ಕೊಡ್ತಿದ್ರು. ದ್ರಾಕ್ಷಿ ಹಾಕಿದ ಬನ್. ನಾನೂ ಚಪ್ಪರಿಸಿಕೊಂಡು ತಿಂದಿದ್ದೀನಿ. ಅವನು ಯಾರು ಅಂತ ಗೊತ್ತಾದಾಗ ನನಗೆ ಮೂವತ್ತು ದಾಟಿತ್ತು."

ಅವನು ಬಿದ್ದ ಮೇಲೆ ಏನಾದರೂ ಬದಲಾಯಿತಾ ಅಂತ ಕೇಳಿದೆ.

"ಮೊಮ್ಮಗನನ್ನು ಪೊಲೀಸರು ಈಗಲೂ ನಿಲ್ಲಿಸಿ ಜೇಬು ನೋಡ್ತಾರೆ. ಬಾಡಿಗೆ ಏರಿದೆ. ಅವನು ಬಿದ್ದದ್ದಕ್ಕೆ ಯಾರಿಗೂ ಕೆಲಸ ಸಿಗಲಿಲ್ಲ" ಅಂದರು. ಸ್ವಲ್ಪ ಹೊತ್ತು ಬಾಳೆಹಣ್ಣು ತಿಂದರು. "ಆದ್ರೆ ಐವತ್ತು ವರ್ಷ ನಾನು ಪೇಟೆಗೆ ಹೋಗುವಾಗ ಆ ಕಡೆ ರಸ್ತೆ ದಾಟಿ ಹೋಗ್ತಿದ್ದೆ. ಈಗ ಈ ಕಡೆಯಿಂದಲೇ ಹೋಗ್ತೀನಿ."

ಥೇಮ್ಸ್ ದಂಡೆಯ ಒದ್ದೆ ಹುಲ್ಲು ನೆನಪಾಯಿತು. ಬರೀ ಕಲ್ಲು, ಬರೀ ಕಂಚು ಅನ್ನೋದಾದರೆ ನನ್ನ ಗಂಟಲು ಅಲ್ಲಿ ಯಾಕೆ ಕಟ್ಟಬೇಕಿತ್ತು?

ಎದ್ದು ಹೋಗುವ ಮುಂಚೆ ಅವರೂ ಒಂದು ಪ್ರಶ್ನೆ ಕೇಳಿದರು. "ನಿಮ್ಮ ಊರಲ್ಲಿ ಆಫ್ರಿಕಾದವರು ಇದ್ದಾರಾ? ಹೇಗೆ ನೋಡ್ಕೋತೀರಿ?" ಓದೋಕೆ ಬರ್ತಾರೆ ಅಂದೆ. ಮುಂದೆ ಮಾತು ಹೊರಡಲಿಲ್ಲ. 2016ರಲ್ಲಿ ಬೆಂಗಳೂರಲ್ಲೇ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳನ್ನು ಗುಂಪೊಂದು ಹಿಡಿದು ಹೊಡೆದಿತ್ತು. ಬೇರೆ ಯಾರೋ ಮಾಡಿದ ಅಪಘಾತಕ್ಕೆ, ಅವಳ ಬಣ್ಣ ನೋಡಿ. ನಮ್ಮ ಬೀದಿಯಲ್ಲೂ 'ಅವರಿಗೆ' ಮನೆ ಬಾಡಿಗೆಗೆ ಕೊಡಲ್ಲ. ಇಳಿಸೋಕೆ ನಮ್ಮಲ್ಲಿ ಅದಕ್ಕೊಂದು ಪ್ರತಿಮೆಯೂ ಇಲ್ಲ. ನನ್ನ ಹೆಂಡತಿ ಮಧ್ಯೆ ಬಂದು "ಇನ್ನೂ ಕಲೀಬೇಕು" ಅಂದಳು. ಅಜ್ಜಿ ಅವಳ ಕೈ ತಟ್ಟಿ ಹೋದರು.

ದಿನ 4: ಆಕ್ಸ್‌ಫರ್ಡ್, ಕತ್ತುನೋವು

ವಾಪಸ್ ಬರುವಾಗ ಡಿಡ್ಕಾಟ್‌ನಲ್ಲಿ ರೈಲು ಬದಲಾಯಿಸಿ ಆಕ್ಸ್‌ಫರ್ಡ್. ಬಿಸಿಲು ಬಿದ್ದಿತ್ತು. ಓರಿಯಲ್ ಕಾಲೇಜಿನ ಮುಂದೆ ನಿಂತರೆ ಸೆಸಿಲ್ ರೋಡ್ಸ್ ಕಾಣಲ್ಲ. ಎದುರು ಫುಟ್‌ಪಾತಿಗೆ, ಚರ್ಚಿನ ಕಡೆಗೆ ಹೋಗಿ ತಲೆ ಪೂರ್ತಿ ಹಿಂದಕ್ಕೆ ಬಗ್ಗಿಸಬೇಕು. ಕೆಳಗೆ ಇಬ್ಬರು ರಾಜರು, ಅವರ ತಲೆಯ ಮೇಲೆ ಇವನು. "ಇದರಲ್ಲಿ ಯಾವನ್ರೀ ಅವನು?" ಅಂತ ನನ್ನ ಹೆಂಡತಿ ಮೂರು ಸಲ ಕೇಳಿದಳು.

ಆಫ್ರಿಕಾದ ನೆಲ, ವಜ್ರ ಎರಡನ್ನೂ ಬಾಚಿದವನು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ಅವನ ಪ್ರತಿಮೆಯ ಮೇಲೆ ಒಬ್ಬ ವಿದ್ಯಾರ್ಥಿ 2015ರ ಮಾರ್ಚ್ 9ರಂದು ಮಲ ಎರಚಿದ. ಏಪ್ರಿಲ್ 9ಕ್ಕೆ ಪ್ರತಿಮೆ ಇಳಿಯಿತು. ಒಂದೇ ತಿಂಗಳು. ಇಲ್ಲಿ? 2020ರಲ್ಲಿ ಕಾಲೇಜಿನವರು ತೆಗೆಯೋದು ನಮ್ಮ ಇಷ್ಟ ಅಂದರು. 2021ರಲ್ಲಿ ಖರ್ಚು ಜಾಸ್ತಿ, ಅನುಮತಿಯ ದಾರಿ ಉದ್ದ ಅಂತ ಬಿಟ್ಟರು. ಬದಲಿಗೆ ವಿವರಣೆಯ ಫಲಕ. ನಾವು ನಿಂತ ಅರ್ಧ ಗಂಟೆಯಲ್ಲಿ ಅದನ್ನು ಓದಿದವರು ನಾವಿಬ್ಬರೇ.

ನಮ್ಮ ಗಿರೀಶ ಕಾರ್ನಾಡರು ಇದೇ ಊರಲ್ಲಿ ಓದಿದ್ದು ಇದೇ ರೋಡ್ಸ್ ಹೆಸರಿನ ವಿದ್ಯಾರ್ಥಿವೇತನದಲ್ಲಿ. ದುಡ್ಡು ಎಲ್ಲಿಂದ ಬಂತು, ಯಾರಿಗೆ ಹೋಯಿತು ಅಂತ ಲೆಕ್ಕ ಹಾಕೋಕೆ ಕೂತೆ. ಕತ್ತು ಹಿಡಿದುಕೊಂಡಿತು. ಮಾರುಕಟ್ಟೆಯೊಳಗೆ ಹೋಗಿ ಬಿಸಿ ಕಾಫಿ ಕುಡಿದು ರೆಡಿಂಗ್ ರೈಲು ಹತ್ತಿದೆವು.

ಊರಿಗೆ ಬಂದ ಮೇಲೆ

ಬಂದ ಮೊದಲ ಭಾನುವಾರ ಮಲ್ಲೇಶ್ವರದ ಹೋಟೆಲಿನಲ್ಲಿ ನಿವೃತ್ತರ ಗುಂಪು ಸೇರಿತು. ಮೊಬೈಲು ಕೈಯಿಂದ ಕೈಗೆ ಹೋಯಿತು. ಗಾಂಧಿ, ಚರ್ಚಿಲ್, ರಿಚರ್ಡ್ ಎಲ್ಲ ಬೆರಳ ತುದಿಯಲ್ಲಿ ಸರಸರ ಸರಿದು ಹೋದರು. ಬಸವಣ್ಣನ ಹತ್ತಿರ ಒಬ್ಬ ಕಣ್ಣಿಗೆ ಒತ್ತಿಕೊಂಡ. ರೋಡ್ಸ್ ಯಾವ ಮೂಲೆಯಲ್ಲಿದ್ದಾನೆ ಅಂತ ಯಾರಿಗೂ ಕಾಣಲಿಲ್ಲ. ಆಮೇಲೆ ನಮ್ಮ ಹಳೆಯ ಹೆಡ್‌ಕ್ಲರ್ಕ್ ಒಂದು ಫೋಟೋ ಮೇಲೆ ನಿಂತ. ಕನ್ನಡಕ ಹಣೆಗೇರಿಸಿ, ಎರಡು ಬೆರಳಲ್ಲಿ ದೊಡ್ಡದು ಮಾಡಿದ.

"ಯಾರಯ್ಯಾ ಇದು? ಯಾಕೆ ಹೀಗೆ ಮಲಗಿಸಿದ್ದಾರೆ?"

ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡು 1636ರಿಂದ ಶುರು ಮಾಡಿದೆ. ರಘಬೀರ್ ಸಿಂಗ್ ಹತ್ತಿರ ಬರೋ ಹೊತ್ತಿಗೆ ಎಲ್ಲರ ಕಾಫಿ ಆರಿಹೋಗಿತ್ತು. ಇನ್ನೊಂದು ರೌಂಡ್ ಹೇಳಿದೆವು.